ಗುಂಡಿ ಬದಲಾದರೂ ಬಿಡದ ದಮ್ಮು

ಸೇಲಂ ಬಳಿಯ ಎಡಪ್ಪಾಡಿಯ ನೇಕಾರರ ಬೀದಿಯಲ್ಲಿ ಮುನಿರಾಜನ ಮಗ್ಗ ಆಗಾಗ ಸದ್ದು ನಿಲ್ಲಿಸುತ್ತಿತ್ತು. ಒಂದು ಮೊಳ ನೇಯುವಷ್ಟರಲ್ಲಿ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ವಯಸ್ಸು ಇನ್ನೂ ಮೂವತ್ತೆಂಟು.

ಹೆಂಡತಿ ಮೇನಕಾಗೆ ದಿಕ್ಕೇ ತೋಚುತ್ತಿರಲಿಲ್ಲ. ಅವನ ಅಪ್ಪನೂ ಹೀಗೇ ಏದುಸಿರು ಬಿಡುತ್ತ ಐವತ್ತು ತುಂಬುವ ಮೊದಲೇ ತೀರಿಕೊಂಡಿದ್ದರು. ಅವರು ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಯ ತೇವವೇ ಎದೆಗೆ ಇಳಿಯಿತೆಂದು ಅತ್ತೆ ಸೊಣ್ಣಮ್ಮ ನಂಬಿದ್ದಳು. ಅದಕ್ಕೆ ಮಣ್ಣು ತುಂಬಿಸಿ, ಇನ್ನೊಂದು ಪಕ್ಕಕ್ಕೆ ಹೊಸ ಗುಂಡಿ ತೋಡಿಸಿದ್ದಳು. ಹೊಸ ಗುಂಡಿಯಲ್ಲಿ ಕೂತ ಮಗನಿಗೂ ಅದೇ ದಮ್ಮು ಬಂತಲ್ಲ!

"ಮೂಡ್ಲಾಗೆ ಇನ್ನೊಂದು ಗುಂಡಿ ತೋಡ್ಸಾಣ," ಎಂದಳು ಸೊಣ್ಣಮ್ಮ.

"ಮನೆ ತುಂಬ ಗುಂಡಿ ತೋಡ್ಸಿದ್ರೆ ನಾವು ಮಲಗೋದೆಲ್ಲವ್ವಾ?" ಮುನಿರಾಜ ನಗಲು ಹೋಗಿ ಕೆಮ್ಮಿದ.

ಆ ಹೊತ್ತಿಗೆ ಸರಿಯಾಗಿ ಬೀದಿಯ ನರ್ಸಮ್ಮ ತಮಿಳ್‌ಸೆಲ್ವಿ ಬಂದಳು.

"ಅಣ್ಣಾ, ಕೊಳವೆಗೆ ಉಸಿರು ಊದೋ ಪರೀಕ್ಷೆ ಆಯ್ತಲ್ಲ, ಡಾಕ್ಟರ್ ಏನಂದ್ರು?"

"ಉಸಿರಿನ ದಾರಿ ಕಿರಿದಾಗೈತೆ ಅಂದ್ರು. ಮನೇಲಿ ಇನ್ಯಾರಿಗಾದ್ರೂ ಐತಾ ಅಂತ ಕೇಳಿದ್ರು. ಇಲ್ಲ ಅಂದೆ."

"ಮಾವಂಗೆ ಇತ್ತಲ್ಲಾ!" ಎಂದಳು ಮೇನಕಾ.

"ಅಪ್ಪಂದು ಗುಂಡಿ ಕಾಯ್ಲೆ. ಮನೆ ಕಾಯ್ಲೆ ಅಲ್ವಲ್ಲ."

ತಮಿಳ್‌ಸೆಲ್ವಿ ತಲೆಮೇಲೆ ಕೈ ಹೊತ್ತಳು. "ಅಯ್ಯೋ ಕಡವುಳೇ! ಗುಂಡಿ ಬದಲಾಯ್ಸಿದ್ರಿ, ರಕ್ತ ಬದಲಾಯ್ಸೋಕಾಯ್ತದಾ? ಕೇಳಿ. ನಮ್ಮ ಲಿವರು ಒಂದು ಕಾವಲಿನ ಸತ್ವ ಮಾಡಿ ರಕ್ತಕ್ಕೆ ಬಿಡ್ತದೆ. ಹೊಗೆ, ದೂಳು ಹೊಕ್ಕಾಗ ಶ್ವಾಸಕೋಶ ಕಾಯೋದು ಅದೇ. ಕೆಲವರಿಗೆ ಹುಟ್ಟುತ್ಲೇ ಅದು ಕಮ್ಮಿ. ಆ ಕೊರತೆ ಅಪ್ಪನಿಂದೊಂದು ಪಾಲು, ಅಮ್ಮನಿಂದೊಂದು ಪಾಲು ಬರ್ತದೆ."

ಸೊಣ್ಣಮ್ಮ ಸಿಡಿದಳು. "ನನ್ಮೇಲ್ಯಾಕೆ ಹಾಕ್ತೀಯೇ? ನಂಗೆ ಒಂದು ಕೆಮ್ಮೂ ಇಲ್ಲ!"

"ಒಂದೇ ಪಾಲು ಕೊರತೆ ಇದ್ರೆ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ ಅವ್ವಾ. ಇದ್ರಲ್ಲಿ ಯಾರ ತಪ್ಪೂ ಇಲ್ಲ."

ಮೇನಕಾಗೆ ತಲೆ ಗಿರ್ರೆಂದಿತು. "ಬೀದಿ ಕೊನೆ ಪಳನಿಯಪ್ಪನ್ ತಾತ ಕಟ್ಟುಗಟ್ಟಲೆ ಬೀಡಿ ಸೇದಿ ಗುಂಡುಕಲ್ಲಿನಂಗೆ ಅವ್ರೆ. ಇವ್ರು ಸೇದೋದು ದಿನಕ್ಕೆರಡು. ಇದ್ಯಾವ ನ್ಯಾಯ?"

"ರಕ್ತದಾಗೇ ಇದ್ರೆ ನಾನು ಬೀಡಿ ಬಿಟ್ಟು ಏನು ಬಂತು?" ಎಂದ ಮುನಿರಾಜ.

"ಕಾವಲಿಲ್ಲದ ಹೊಲಕ್ಕೆ ನೀವೇ ಹಂದಿ ನುಗ್ಗಿಸ್ತೀರಾ ಅಣ್ಣಾ?"

ಮೇನಕಾ ನರ್ಸಮ್ಮನ ಕಡೆ ತಿರುಗಿದಳು.

"ಹಂಗಾದ್ರೆ ಇವ್ರಿಗೆ ಅದೇನಾ?"

"ನಂಗೊತ್ತಿಲ್ಲ ಅಕ್ಕಾ. ಎಲ್ಲ ದಮ್ಮಿಗೂ ಅದೇ ಕಾರಣ ಅಲ್ಲ. ಬೀಡಿ, ಒಲೆ ಹೊಗೆ, ನೂಲಿನ ದೂಳಿಂದಲೂ ಬರ್ತದೆ. ರಕ್ತಪರೀಕ್ಷೆ ಮಾಡ್ಸಿದ್ರೆ ತಿಳೀತದೆ. ಹುಟ್ಟಿನ ಕೊರತೆ ತೆಗಿಯಾಕಾಗಲ್ಲ, ಉಳಿದಿರೋ ಉಸಿರು ಉಳಿಸ್ಕೋಬೌದು."

ಮೇನಕಾ ತನ್ನ ಮಗಳು ಕಾರ್ತಿಕಾಳ ಕಡೆ ನೋಡಿದಳು. ಕೇಳಿದ್ದರಲ್ಲಿ ಅರ್ಧ ಅರ್ಥವಾಗಿರಲಿಲ್ಲ. ಆದರೂ ಗಂಡನ ಕೈ ಹಿಡಿದು, "ಓಗಾಣ. ಈ ಸಲ ಎಲ್ಲಾ ಯೋಳಾಣ," ಎಂದಳು.

ಸೊಣ್ಣಮ್ಮ ಸೆರಗು ಬಿಗಿದು ಎದ್ದಳು. "ನಿಮಗೇನು ಗೊತ್ತೈತೆ ಯೋಳಾಕೆ? ನಾನೂ ಬತ್ತೀನಿ."

ಸೇಲಂ ಆಸ್ಪತ್ರೆಯಲ್ಲಿ ಅವಳು ಡಾಕ್ಟರಿಗೆ ಗಂಡನ ಕಥೆ ಹೇಳಿದಳು. ಗಂಡನ ಅಣ್ಣನಿಗೂ ಹೀಗೇ ಇದ್ದದ್ದನ್ನು ಮೊದಲ ಸಲ ಬಾಯಿಬಿಟ್ಟಳು. ರಕ್ತಪರೀಕ್ಷೆಯಲ್ಲಿ ಮುನಿರಾಜನಿಗೆ ಕಾವಲಿನ ಸತ್ವ ಬಹಳ ಕಡಿಮೆ ಎಂದು ಬಂತು. ಅವನು ಬೀಡಿ ಬಿಟ್ಟ. ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿ ತಪ್ಪಿಸುತ್ತಿಲ್ಲ. ಮುನಿರಾಜನ ತಂಗಿ ಮೀನಾಳನ್ನೂ ಕಾರ್ತಿಕಾಳನ್ನೂ ಪರೀಕ್ಷೆಗೆ ಕರೆದೊಯ್ದದ್ದು ಸೊಣ್ಣಮ್ಮನೇ. ಮೇನಕಾಗೆ ಈಗಲೂ ಗೊಂದಲ ಪೂರ್ತಿ ಹೋಗಿಲ್ಲ. ಆದರೆ ಡಾಕ್ಟರನ್ನು ಕೇಳಲು ಇದ್ದ ನಾಚಿಕೆ ಹೋಗಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಚಿಕ್ಕ ವಯಸ್ಸಿಗೇ ಯಾರಿಗಾದರೂ ಮೇಲುಸಿರು ಬರುತ್ತಿದೆಯೇ? ಊದುವ ಪರೀಕ್ಷೆ ಮಾಡಿಸಿ. ಹಿಂದೆ ಯಾರಿಗೆ ಹೀಗಿತ್ತೆಂದು ಮನೆಯ ಹಿರಿಯರನ್ನು ಕೇಳಿ, ಡಾಕ್ಟರಿಗೆ ಒಂದನ್ನೂ ಮುಚ್ಚಿಡದೆ ಹೇಳಿ. ಆ ಕಾವಲಿನ ಸತ್ವದ ರಕ್ತಪರೀಕ್ಷೆ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ.