ಹೆಸರಿನ ಜಾಗದಲ್ಲಿ ಕೂಸು

ಕೊಪ್ಪದ ಆ ಖಾಸಗಿ ಆಸ್ಪತ್ರೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ಅದಕ್ಕಿದ್ದ ಮರ್ಯಾದೆ ದೊಡ್ಡ ಡಾಕ್ಟರಿಗೂ ಇರಲಿಲ್ಲ. ಧೂಳು ಕೂರದಂತೆ ಹೂವಿನ ಬಟ್ಟೆ ಹೊದಿಸಿದ್ದರು, ಚಪ್ಪಲಿ ಹೊರಗೇ ಬಿಡಿಸುತ್ತಿದ್ದರು. ಜ್ವರದಲ್ಲಿ ನಡುಗುವವರೂ ತಣ್ಣಗಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹೆಸರು, ಊರು, ವಯಸ್ಸು ಒಪ್ಪಿಸಬೇಕು. ಒಮ್ಮೆ ಕೇಳಿದ್ದನ್ನು ಅದು ಮರೆಯುವುದೇ ಇಲ್ಲವಂತೆ. ಮರೆಯದಿರುವುದು ಎಂಥ ಕಾಟವೆಂದು ಅದನ್ನು ಮಾರಿದವರಿಗೇನು ಗೊತ್ತು?

ಬಸರೀಕಟ್ಟೆಯ ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಮಲ್ಲಿಕಾ ಬಿಡದ ಕೆಮ್ಮಿಗೆ ಔಷಧಿ ತರಲು ಅತ್ತೆ ಸೀತಕ್ಕನ ಜೊತೆ ಬಂದಿದ್ದಳು. ಕಂಪ್ಯೂಟರ್ ಹೊಸದಿದ್ದಾಗ ಇಲ್ಲೇ ಆಗಿದ್ದ ಹೆರಿಗೆಯ ನಂತರ ಈ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಕೌಂಟರಿನಲ್ಲಿದ್ದ ಚೈತ್ರ ಹಳೆಯ ಕಾರ್ಡಿನ ನಂಬರು ಒತ್ತಿ ಹುಬ್ಬು ಗಂಟಿಕ್ಕಿದಳು.

"ಎಂತ ಮಾರಾಯ್ತಿ, ನಿಮ್ಮ ಮಗಳು... ಕೂಸು ಅಂತ ಹೆಸರು. ಮೂರು ವರ್ಷ ಆಯ್ತು. ಒಂದು ಇಂಜೆಕ್ಷನ್ನಿಗೂ ಕರ್ಕಂಡು ಬಂದಿಲ್ವಲ್ಲ! ಇವತ್ತೂ ಮನೇಲೇ ಬಿಟ್ಟು ಬಂದ್ರಾ?"

ಮಲ್ಲಿಕಾ ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅದು ಉಳೀಲಿಲ್ಲ ಮೇಡಂ," ಎಂದಳು ಸೀತಕ್ಕ. "ಆರನೇ ದಿನಕ್ಕೆ ಹೋಯ್ತು. ಹೆಸರೂ ಇಟ್ಟಿರ್ಲಿಲ್ಲ. ಹೆಸರು ಹೇಳ್ದೆ ಇದ್ರೆ ಮಿಷನ್ ಮುಂದೆ ಹೋಗಲ್ಲ ಅಂದ್ರು ಅವತ್ತು. ಕೂಸು ಅಂತ ಹಾಕ್ಕಳಿ ಅಂದಿದ್ದೆ. ತೆಗ್ದುಬಿಡಿ ಅದನ್ನ."

"ಅಯ್ಯೋ, ತಪ್ಪಾಯ್ತು. ಈಗ್ಲೇ ಡಿಲೀಟ್ ಮಾಡ್ತೀನಿ."

ಸೀತಕ್ಕ ಕೆಟ್ಟವಳಲ್ಲ. ಹೆಸರಿಡುವ ಮೊದಲೇ ಹೋದ ಮಗುವನ್ನು ಅವರ ಮನೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ. ಅದಕ್ಕೊಂದು ತಿಥಿಯಿಲ್ಲ, ಮಾತಿಲ್ಲ. ಸೊಸೆಗೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ "ಇನ್ನೂ ಆಗಿಲ್ಲ" ಎನ್ನುವಳು. ಮಲ್ಲಿಕಾಳ ಗಂಡ ಯೋಗೇಂದ್ರನೂ ಬಾಯಿ ಬಿಟ್ಟವನಲ್ಲ. ಮಲ್ಲಿಕಾ ಒಬ್ಬಳೇ ಎಲ್ಲವನ್ನೂ ನುಂಗಿಕೊಂಡಿದ್ದಳು. ಈಗ ನೋಡಿದರೆ, ಹಾಳು ಪೆಟ್ಟಿಗೆಯೊಂದು ಯಾರಿಗೂ ಹೇಳದೆ ಅವಳ ಮಗುವನ್ನು ಬೆಳೆಸುತ್ತ ಕೂತಿತ್ತು! ಮೂರು ವರ್ಷವೆಂದರೆ ಓಡುವ ವಯಸ್ಸು, ಸೆರಗು ಜಗ್ಗುವ ವಯಸ್ಸು, ಹೇಳಿದ್ದಕ್ಕೆಲ್ಲ ಒಲ್ಲೆ ಎನ್ನುವ ವಯಸ್ಸು.

"ಅಳಿಸ್ಬೇಡಿ!" ಮಲ್ಲಿಕಾ ಚೈತ್ರಳ ಕೈ ಹಿಡಿದೇಬಿಟ್ಟಳು. "ಹೋಯ್ತು ಅಂತ ಬೇಕಾದ್ರೆ ಬರ್ಕಳಿ. ಇರ್ಲೇ ಇಲ್ಲ ಅಂತ ಮಾತ್ರ ಮಾಡ್ಬೇಡಿ."

"ಹುಚ್ಚೇನೆ ನಿಂಗೆ?" ಸೀತಕ್ಕ ಅವಳ ರಟ್ಟೆ ಎಳೆದಳು.

ಚೈತ್ರ ಕೀಲಿಮಣೆಯಿಂದ ಬೆರಳು ತೆಗೆದಳು. "ಆಯ್ತು, ಅಳಿಸಲ್ಲ. ಹೆಸರು ಕೂಸು ಅಂತ್ಲೇ ಇರ್ಲಾ?"

ಮಲ್ಲಿಕಾ ಅತ್ತೆಯ ಕಡೆ ನೋಡಲಿಲ್ಲ. ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೇಳಬೇಕಿದ್ದ ಹೆಸರನ್ನು ಕೌಂಟರಿನ ಮೇಲೆ ಬಗ್ಗಿ ಚೈತ್ರಳ ಕಿವಿಯಲ್ಲಿ ಹೇಳಿದಳು. ಚೈತ್ರ ಅದನ್ನು ಒತ್ತಿದಳು, ಮಗು ಹೋದ ತಾರೀಕನ್ನೂ ಕೇಳಿ ಒತ್ತಿದಳು. ಆಮೇಲೆ ಅಭ್ಯಾಸಬಲದಿಂದ ಗಟ್ಟಿಯಾಗಿ ಓದತೊಡಗಿದಳು.

"ತುಂಗಾ. ಹೆಣ್ಣು. ವಯಸ್ಸು..." ಎಂದವಳು ತಡೆದಳು.

"ಎಷ್ಟು?" ಎಂದಳು ಮಲ್ಲಿಕಾ.

"ಆರು ದಿನ."

ಓಡಾಡುವ ಹುಡುಗಿ ಕಣ್ಣೆದುರೇ ಮತ್ತೆ ಹಸಿಗೂಸಾಗಿ ಹೋಗಿದ್ದಳು. ಮಲ್ಲಿಕಾ ಅಲ್ಲೇ ಕುಸಿದು, ಅವತ್ತು ಅಳಲು ಬಿಡದ ಅಳುವನ್ನೆಲ್ಲ ಅತ್ತಳು. ಸುಮ್ಮನಿರಿಸಲೆಂದು ಸೀತಕ್ಕ ಬಗ್ಗಿದಳು. ಬಾಯಿಗೆ ಬಂದದ್ದು ಮಾತ್ರ ಮೊಮ್ಮಗಳ ಹೆಸರು.