ಕೀರಲು ಕ್ಯಾಸೆಟ್ಟು

ಚಟ್ಟದ ಬಿದಿರಿಗೆ ಕೊನೆಯ ಗಂಟು ಹಾಕಲು ಬಗ್ಗಿದ್ದ ಸೀನಪ್ಪನ ಕೈಯನ್ನು ಚಿಕ್ಕಮುನಿಯಪ್ಪ ಗಟ್ಟಿಯಾಗಿ ಹಿಡಿದುಕೊಂಡ. ಸೀನಪ್ಪ ಕೊಸರಿಕೊಂಡರೂ ಬಿಡಲಿಲ್ಲ. ವಯಸ್ಸೆಲ್ಲ ಚಿನ್ನದ ಗಣಿಯೊಳಗೆ ಡ್ರಿಲ್ಲಿಂಗ್ ಮಿಷಿನ್ ಅದುಮಿ ಹಿಡಿದಿದ್ದ ಕೈ ಅದು, ಸುಲಭಕ್ಕೆ ಸಡಿಲವಾಗುವಂಥದ್ದಲ್ಲ.

"ಅವಳ ಪದ ಒಂದ್ಸಲ ಕೇಳ್ಬೇಕು. ಆಮ್ಯಾಕೆ ಎತ್ಕೊಂಡೋಗಿ," ಅಂದ. "ಎಲ್ರ ಮನೇಲೂ ಐತಲ್ಲ ಕ್ಯಾಸೆಟ್ಟು, ಒಂದು ತತ್ತರ್ರೋ."

ಆ ಮಿಷಿನ್ನೇ ಅವನ ಕಿವಿಯನ್ನೂ ತಿಂದುಹಾಕಿತ್ತು. ಅವನು ಮಾತಾಡಿದರೆ ಬೀದಿಯ ಕೊನೆಗೂ ಕೇಳಿಸುತ್ತಿತ್ತು. ಅವನಿಗೆ ಮಾತ್ರ ಎದುರಿಗೆ ನಿಂತು ಅರಚಿದರೂ ಅರ್ಧಂಬರ್ಧ. ಹಿಂದಿನ ದಿನ ಬೆಳಿಗ್ಗೆ ಹಾಲು ಕರೆಯಲು ಕೂತ ಹೆಂಡತಿ ಮುನಿಗಂಗಮ್ಮ ಎದೆ ಹಿಡಿದುಕೊಂಡು ಕೂಗಿದ್ದೂ ಅವನಿಗೆ ಕೇಳಿಸಿರಲಿಲ್ಲ. ಕೊಟ್ಟಿಗೆಯ ಹೊರಗೇ ಬೀಡಿ ಸೇದುತ್ತ ಕೂತಿದ್ದ. ಪಕ್ಕದ ಮನೆಯವರು ಓಡಿ ಬಂದಾಗ, ಇವರೆಲ್ಲ ಯಾಕೆ ಓಡುತ್ತಿದ್ದಾರೆ ಎಂದು ನೋಡಿದ. ಅವಳು ಕೂಗಿದ್ದಳೆಂದು ಊರಿನವರು ಯಾರೂ ಅವನಿಗೆ ಹೇಳಲಿಲ್ಲ. ಹೇಳುವುದಿದ್ದರೆ ಕೂಗಿಯೇ ಹೇಳಬೇಕಿತ್ತು, ಅಂಥ ಮಾತನ್ನು ಯಾರು ತಾನೇ ಕೂಗುತ್ತಾರೆ.

ಹೊತ್ತು ಇಳಿಯುತ್ತಿತ್ತು. ಗುಂಡಿ ತೋಡಿಯಾಗಿತ್ತು. ಕತ್ತಲಾಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಗೊಣಗುತ್ತಿದ್ದರು. ಅವನ ಮನೆಯಲ್ಲಿದ್ದ ಕ್ಯಾಸೆಟ್ಟು ಹಾಕಿ ಹಾಕಿ ಸವೆದು, ಹೋದ ವರ್ಷ ಟೇಪು ಸಿಕ್ಕಿಕೊಂಡು ಕಿತ್ತೇಹೋಗಿತ್ತು. ಉಳಿದವರ ಮನೆಯಲ್ಲಿ ಇರಲಿಲ್ಲ. ಯಾಕಿರಲಿಲ್ಲ ಎಂದು ಅವನಿಗೆ ತಿಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕಡೆಗೆ ಮುನಿಗಂಗಮ್ಮನ ತಮ್ಮ ಕೋದಂಡಪ್ಪ, ತನ್ನ ಹತ್ತಿರ ಒಂದಿದೆಯೆಂದು ಭಾವನಿಗೆ ಕೈಸನ್ನೆಯಲ್ಲಿ ತಿಳಿಸಿ, ಬಂಗಾರಪೇಟೆಯ ತನ್ನ ಮನೆ ಕಡೆಗೆ ಸೈಕಲ್ ಹತ್ತಿದ.

*

ಆ ಊರಿನ ಹೆಂಗಸರಿಗೆ ನಮ್ಮದೂ ಒಂದು ಕ್ಯಾಸೆಟ್ಟು ಬರಲಿ ಎಂಬ ಹುಚ್ಚು ಹಿಡಿದದ್ದು ಕೆಲವು ವರ್ಷಗಳ ಹಿಂದೆ. ಕಳೆ ಕೀಳುವಾಗ, ಮದುವೆಯ ಚಪ್ಪರದಲ್ಲಿ, ಹೆಣ್ಣು ನೆರೆದ ಮನೆಯಲ್ಲಿ ಅವರು ಪದ ಹೇಳಿದರೆ ಸುತ್ತಲಿನ ಹಳ್ಳಿಯವರು ನಿಂತು ಕೇಳುತ್ತಿದ್ದರು. ಮುನಿಗಂಗಮ್ಮ ಮುಂದೆ ಎತ್ತಿಕೊಟ್ಟರೆ ಆದಿಲಕ್ಷ್ಮಮ್ಮ ಹಿಂದೆ ಹಿಡಿಯುತ್ತಿದ್ದಳು, ಉಳಿದವರು ಕೂಡಿಕೊಳ್ಳುತ್ತಿದ್ದರು. ಶಾಲೆಗೆ ರಜೆಯಿದ್ದ ದಿನ ಕಿಟಕಿ ಬಾಗಿಲು ಮುಚ್ಚಿಕೊಂಡು, ಬಾಡಿಗೆಗೆ ತಂದ ಟೇಪ್ ರೆಕಾರ್ಡರಿನ ಮುಂದೆ ಬೆವರು ಸುರಿಸುತ್ತ ಹೇಳಿದರು. ಹೊರಗೆ ಕೋಳಿ ಕೂಗಿದರೆ ನಿಲ್ಲಿಸಿ, ಅದನ್ನು ಬೈದು, ಮತ್ತೆ ಮೊದಲಿಂದ ಶುರು ಮಾಡಿದರು.

ಉಳಿದದ್ದು ಅದನ್ನು ಒಪ್ಪ ಮಾಡಿ ಮಾಸ್ಟರ್ ತೆಗೆಯುವ ಕೆಲಸ. ಅಂಗಡಿಗೆ ಹೋಗುವ ಕ್ಯಾಸೆಟ್ಟುಗಳೆಲ್ಲ ಆ ಒಂದು ಮಾಸ್ಟರಿನ ಮರಿಗಳು; ತಾಯಿ ಕೆಟ್ಟರೆ ಮರಿಗಳೂ ಕೆಟ್ಟಂತೆಯೇ. ಕೋದಂಡಪ್ಪ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಮಾತಾಡಿ, ಒಂದು ಪದವನ್ನು ಸರಿ ಮಾಡಿಸಿ ತಂದು ಕೇಳಿಸಿದ. ಇದು ನಮ್ಮದೇ ದನಿಯಾ ಎಂದು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಲ್ಲೇ ಮಾಡಿಸುವುದೆಂದು ತೀರ್ಮಾನವಾಯಿತು. ಟೇಪು ಮುನಿಗಂಗಮ್ಮನ ಕೈಯಲ್ಲಿತ್ತು. ಅವಳು ಬೆಂಗಳೂರಿನ ಕಡೆಗೆ ಹೋಗದೆ, ಗಣಿ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದಳು. ರಾಬರ್ಟ್‌ಸನ್‌ಪೇಟೆಯಲ್ಲಿ ಮೈಕ್ ಸೆಟ್ಟು ಬಾಡಿಗೆಗೆ ಕೊಡುತ್ತ, ಕ್ಯಾಸೆಟ್ಟು ತುಂಬಿಸುತ್ತ ಇದ್ದ ಪೆರುಮಾಳನಿಗೆ ಟೇಪು ಕೊಟ್ಟು ಬಂದಳು.

ಕ್ಯಾಸೆಟ್ಟು ಬಂತು. ಹಾಕಿದರೆ ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೀರಲು. ಬಂಗಾರಪೇಟೆಯ ಅಂಗಡಿಯವರು ಒಂದು ವಾರ ಇಟ್ಟುಕೊಂಡು ವಾಪಸು ಕಳಿಸಿದರು. ಜಾತ್ರೆಯಲ್ಲಿ ಯಾರೋ ಹಾಕಿದ್ದಕ್ಕೆ, ಬೆಕ್ಕಿನ ಬಾಲ ತುಳಿದವರು ಯಾರು ಎಂದು ಹುಡುಗರು ಕೇಳಿದರಂತೆ. ಆದಿಲಕ್ಷ್ಮಮ್ಮ ರಾಬರ್ಟ್‌ಸನ್‌ಪೇಟೆಗೇ ಹೋಗಿ, ಕಿವುಡ ಮಾಡೋ ಕೆಲಸವಾ ಇದು ಎಂದು ಪೆರುಮಾಳನ ಮುಖಕ್ಕೇ ಅಂದು ಬಂದಳು. ಊರಲ್ಲಿ ಮುನಿಗಂಗಮ್ಮನನ್ನು ಯಾಕೆ ಹೀಗೆ ಮಾಡಿದೆ ಎಂದು ಕೇಳಿದಾಗ ಅವಳು ಕೊಟ್ಟದ್ದು ಒಂದೇ ಉತ್ತರ.

"ನಂಗೆ ಅವನ ಕೆಲಸ ಇಡಿಸ್ತು ಕಣಮ್ಮಿ."

ಅಲ್ಲಿಗೆ ಮುಗಿಯಿತು. ಆದಿಲಕ್ಷ್ಮಮ್ಮ ತನ್ನ ಕ್ಯಾಸೆಟ್ಟಿನ ಮೇಲೆ ರೇಡಿಯೋದ ಹಾಡು ತುಂಬಿಸಿಕೊಂಡಳು. ಉಳಿದವರವು ಮಕ್ಕಳ ಕೈಗೆ ಸಿಕ್ಕು ಹಾಳಾದವು. ಮದುವೆ ಮನೆಗಳಲ್ಲಿ ಆದಿಲಕ್ಷ್ಮಮ್ಮನೂ ಅವಳೂ ಬೇರೆ ಬೇರೆ ಗುಂಪಿನಲ್ಲಿ ನಿಲ್ಲುತ್ತಿದ್ದರು. ಮುನಿಗಂಗಮ್ಮ ಮುಂದೆ ಎತ್ತಿಕೊಟ್ಟ ಸೊಲ್ಲನ್ನು ಹಿಡಿಯುವವರಿಲ್ಲದೆ ಕ್ರಮೇಣ ಅವಳು ಪದ ಹೇಳುವುದನ್ನೇ ಬಿಟ್ಟಳು. ಈ ಜಗಳದ ಒಂದು ಮಾತೂ ಚಿಕ್ಕಮುನಿಯಪ್ಪನ ಕಿವಿಗೆ ಬೀಳಲಿಲ್ಲ. ಪಾಳಿ ಮುಗಿಸಿ ಬಂದವನು ದಿನಾ ಕ್ಯಾಸೆಟ್ಟು ಹಾಕಿಕೊಂಡು, ಊರೆಲ್ಲ ಹೀಗೇ ಕೇಳುತ್ತಿದೆ ಎಂದುಕೊಂಡು ಖುಷಿಯಾಗಿದ್ದ.

*

ಭಜನೆಗೆಂದು ಮೈಕ್ ಸೆಟ್ಟು ತಂದಿದ್ದವನೂ ಪೆರುಮಾಳನೇ. ಹೊಂಗೆ ಮರದ ಕೆಳಗೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೋದಂಡಪ್ಪ ಬೆವರುತ್ತ ಬಂದು ಕ್ಯಾಸೆಟ್ಟು ಕೊಟ್ಟಾಗ ಅದನ್ನು ಹಾಕಿದ.

ಶಾಲೆಯಲ್ಲಿ ಹೇಳಿದ ಪದವನ್ನು ಕೋದಂಡಪ್ಪ ಅವತ್ತು ಬೆಂಗಳೂರಿನಲ್ಲಿ ಸರಿ ಮಾಡಿಸಿ ತಂದು ಕೇಳಿಸಿದ್ದ ಕ್ಯಾಸೆಟ್ಟೇ ಅದು. ಮುನಿಗಂಗಮ್ಮನ ದನಿ ತಣ್ಣಗೆ, ತುಂಬಿಕೊಂಡು ಬಂತು. ಹೆಣದ ಸುತ್ತ ಕೂತ ಹೆಂಗಸರು ಗೊಳೋ ಎಂದು ಅತ್ತರು. ಅವಳ ದನಿಯ ಹಿಂದೆ ತನ್ನ ದನಿಯೂ ಬಂದಾಗ ಆದಿಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಒಂದು ಸಲವಾದರೂ ಮಾತಾಡಿಸಬಹುದಿತ್ತು ಎಂದುಕೊಂಡಳು.

ಚಿಕ್ಕಮುನಿಯಪ್ಪ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಎಲ್ಲರ ಮುಖವನ್ನೂ ನೋಡಿದ.

"ಯಾರದು ಪದ ಏಳ್ತಿರಾದು?"

ಅಕ್ಕನದೇ ಭಾವ, ಅಕ್ಕನದೇ ದನಿ ಎಂದು ಕೋದಂಡಪ್ಪ ಅವನ ಕಿವಿಯಲ್ಲಿ ಕೂಗಿದ. ಅವನು ಮತ್ತೆ ಕೇಳಿದ, ಕಣ್ಣು ಮುಚ್ಚಿಕೊಂಡು ಕೇಳಿದ. ಆಮೇಲೆ ತಲೆಯಾಡಿಸಿದ.

"ಗುಂಯ್ ಅಂತದೆ ಅಷ್ಟೇ. ಇವಳಲ್ಲ ಅವಳು. ಅವಳ್ದು ಆಕ್ರೋ, ನಿಮ್ಮ ಕಾಲಿಗೆ ಬೀಳ್ತೀನಿ."

ಆದಿಲಕ್ಷ್ಮಮ್ಮ ಎದ್ದು ಹೊಂಗೆ ಮರದ ಹತ್ತಿರ ಹೋದಳು. ಬೈದು ಬಂದ ಮೇಲೆ ಪೆರುಮಾಳನನ್ನು ಅವಳು ಮಾತಾಡಿಸುತ್ತಿದ್ದುದು ಅದೇ ಮೊದಲು. ಏನಣ್ಣ ಇದು, ಅವನಿಗೆ ಯಾಕೆ ಗೊತ್ತಾಗುತ್ತಿಲ್ಲ ಎಂದು ಕೇಳಿದಳು. ಪೆರುಮಾಳ ತನ್ನ ಕಿವಿ ಮುಟ್ಟಿಕೊಂಡು ತೋರಿಸಿದ.

"ನಂದೂ ಅದೇ ಮಿಷಿನ್ ತಿಂದ ಕಿವಿ ತಂಗಚ್ಚಿ. ನಮ್ಗೆ ಮೇಲಿನ ದನಿ ಓಗ್ಬಿಟ್ಟದೆ, ಕೀರಲು ಮಾಡಿದ್ರೇನೇ ಕೇಳ್ಸಾದು. ಆಯಮ್ಮ ಅವತ್ತು ಗಂಡನ್ನ ಕರ್ಕೊಂಡು ಬಂದು ಸ್ಪೀಕರ್ ಮುಂದೆ ಕೂರಿಸ್ತು. ಈಯಪ್ಪನ ಮೊಕ ಅರಳೋ ತನಕ ನಾಬು ತಿರುಗ್ಸಣ್ಣ ಅಂತು. ಮಿಕ್ಕೋರ ಕಿವಿ ಒಡೆದೋಯ್ತದಮ್ಮ ಅಂದೆ. ಗೊತ್ತು, ಆದ್ರೆ ನಾನು ಬಾಳ್ತಿರಾದು ಇವನ ಜೊತೇಲಿ ಅಂತು. ಯಾರ್ಗೂ ಏಳ್ಬೇಡ ಅಂತು."

ಆದಿಲಕ್ಷ್ಮಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಎಲ್ಲರೂ ಬೆವರು ಹರಿಸಿ ಹೇಳಿದ ಪದವನ್ನು ಒಬ್ಬಳು ತನ್ನ ಗಂಡನಿಗೆಂದು ತೆಗೆದುಕೊಂಡುಬಿಟ್ಟಿದ್ದಳು. ಒಂದು ಮಾತು ಹೇಳಿದ್ದರೆ ನಾವೇನು ಬೇಡ ಅನ್ನುತ್ತಿದ್ದೆವಾ ಎಂದುಕೊಂಡಳು. ಅನ್ನುತ್ತಿದ್ದರು. ತಾನೇ ಎಲ್ಲರಿಗಿಂತ ಮೊದಲು ಅನ್ನುತ್ತಿದ್ದಳು. ಅದು ಹೊಳೆದ ಮೇಲೆ ಸಿಟ್ಟಿಗೆ ನಿಲ್ಲಲು ಜಾಗವಿರಲಿಲ್ಲ, ಬರೀ ದುಃಖ ಉಳಿಯಿತು.

"ತಂದಿದ್ದೀಯಾ?" ಎಂದಳು.

ಅವನು ಚೀಲದೊಳಗಿಂದ ಮಾಸ್ಟರ್ ತೆಗೆದ. ಮತ್ತೆ ಎಲ್ಲರೂ ಬೈಯುತ್ತಾರೆಂದು ತೆಗೆದಿರಲಿಲ್ಲವಂತೆ. ಬೈಯಲಿ, ಹಾಕು ಎಂದಳು ಆದಿಲಕ್ಷ್ಮಮ್ಮ.

ಹಾರ್ನ್ ಕಿರುಚಿಕೊಂಡಿತು. ಹೆಂಗಸರು ಅಳು ನಿಲ್ಲಿಸಿ ಕಿವಿ ಮುಚ್ಚಿಕೊಂಡರು. ತಮಟೆಯವರು ಹಿಂದೆ ಸರಿದರು. ಕೊಟ್ಟಿಗೆಯಲ್ಲಿ ಹಸು ಹಗ್ಗ ಜಗ್ಗಿತು. ಅಷ್ಟು ಜನರಲ್ಲಿ ಕಿವಿಗೆ ಕೈ ಹಚ್ಚದೆ ಇದ್ದವರು ಇಬ್ಬರೇ, ಪೆರುಮಾಳ ಮತ್ತು ಚಿಕ್ಕಮುನಿಯಪ್ಪ. ಆದಿಲಕ್ಷ್ಮಮ್ಮನೂ ಮುಚ್ಚಿಕೊಳ್ಳಲು ಎತ್ತಿದ ಕೈಯನ್ನು ಇಳಿಸಿದಳು. ಚಿಕ್ಕಮುನಿಯಪ್ಪನ ಮುಖದ ಮೇಲೆ ನೀರು ಇಳಿಯುತ್ತಿತ್ತು, ತುಟಿ ಸೊಲ್ಲಿನ ಜೊತೆಗೆ ಅಲುಗುತ್ತಿತ್ತು. ಬಿದಿರಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ.

ಪದ ಮುಗಿಯಿತು. ಅವನು ಕೈ ತೆಗೆದ, ಸೀನಪ್ಪ ಕೊನೆಯ ಗಂಟು ಬಿಗಿದ. ಇನ್ನು ಹೊರಡಬಹುದೆಂದು ನಾಲ್ವರು ಬಗ್ಗಿ ಚಟ್ಟಕ್ಕೆ ಕೈ ಹಾಕಿ ಗೇಣೆತ್ತರ ಎತ್ತಿದರು. ಬೆಂಗಳೂರಿನವರು ಕತ್ತರಿಸಿ ಎಸೆದಿದ್ದ, ಪೆರುಮಾಳ ಕತ್ತರಿಸದೆ ಬಿಟ್ಟಿದ್ದ ಒಂದು ಮಾತು ಟೇಪಿನಲ್ಲಿ ಇನ್ನೂ ಇತ್ತು. ಶಾಲೆಯ ಕೋಣೆಯಲ್ಲಿ, ಪದ ಮುಗಿಸಿ ಏದುಸಿರು ಬಿಡುತ್ತ ಮುನಿಗಂಗಮ್ಮ ಯಾರನ್ನೋ ಕೇಳಿದ್ದಳು.

"ಇನ್ನೊಂದು ಏಳ್ಲಾ?"

"ಏಳು," ಅಂದ ಚಿಕ್ಕಮುನಿಯಪ್ಪ, ಚಟ್ಟದ ಕಡೆಗೆ ಬಗ್ಗಿ.

ನಾಲ್ವರೂ ಬಿದಿರನ್ನು ಮೆಲ್ಲಗೆ ನೆಲಕ್ಕಿಳಿಸಿ ಅವಳ ಮುಖ ನೋಡಿದರು.