ಹೆಬ್ಬೆರಳ ಗಂಟು

"ಕೈ ಮುಚ್ಕೊಳ್ಳಿ ಭೋಜಣ್ಣ, ಯಾರೂ ನೋಡ್ಬಾರ್ದು," ಎಂದು ಲಲಿತಮ್ಮ ಭೋಜರಾಜನ ಅಂಗೈಗೆ ಏನನ್ನೋ ತುರುಕಿ, ಅವನ ಬೆರಳುಗಳನ್ನು ತಾವೇ ಮಡಚಿದರು.

ಮಸ್ಕತ್ತಿನ ಆಸ್ಪತ್ರೆಯ ಶವಾಗಾರದ ಹಿಂಬಾಗಿಲಲ್ಲಿ ಆಂಬುಲೆನ್ಸ್ ನಿಂತಿತ್ತು. ಒಳಗಿನಿಂದ ಲಲಿತಮ್ಮನ ಗಂಡ ಕೆಂಪಣ್ಣನನ್ನು ತರುವುದಷ್ಟೇ ಬಾಕಿ. ಕಾಗದಪತ್ರ ಮುಗಿಯುವುದರೊಳಗೆ ಒಂದು ವಾರ ಕಳೆದಿತ್ತು. ಅತ್ತ ಬಿಸಿಲಲ್ಲಿ ಏಳೆಂಟು ಕಾರು, ಕಾರುಗಳ ನೆರಳಲ್ಲಿ ರುಸೈಲಿನ ಕಾರ್ಖಾನೆಯವರು, ದಾರ್ಸೈಟಿನ ನೆರೆಹೊರೆಯವರು. ಭೋಜರಾಜ ಗೋಡೆಯ ಕಡೆ ತಿರುಗಿ ಮುಷ್ಟಿ ಬಿಡಿಸಿದ. ಕಪ್ಪು ಬೂಟಿನ ಲೇಸು. ಕತ್ತರಿಯಿಂದ ಕತ್ತರಿಸಿದ್ದು, ಗಂಟು ಮಾತ್ರ ಹಾಗೇ ಇತ್ತು.

"ನಾನೇ ಕತ್ತರಿಸಿದ್ದು," ಎಂದಳು ಲಲಿತಮ್ಮನ ಪಕ್ಕದಲ್ಲಿದ್ದ ಖದೀಜಮ್ಮ. ಉಪ್ಪಿನಂಗಡಿ ಕಡೆಯ ಹೆಂಗಸು, ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಗುಡಿಸಿ ಒರೆಸುವ ಕೆಲಸ. "ಲಾರಿ ಓಡಿಸುವ ಪಠಾಣ ರಸ್ತೆಬದಿಯಿಂದ ಇವರನ್ನು ಹೊತ್ತುಕೊಂಡು ಬಂದಾಗ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಇದರಲ್ಲಿ ಕಟ್ಟಿತ್ತು. ಡಾಕ್ಟರು ಎದೆ ಒತ್ತುತ್ತಾ ಇದ್ರು. ಕಾಲು ನೋಡ್ಲಿಕ್ಕೆ ಯಾರಿಗೂ ಪುರುಸೊತ್ತಿರ್ಲಿಲ್ಲ."

"ಪಠಾಣನೇ ಕಟ್ಟಿದ್ದೋ ಎಂತದೋ," ಎಂದ ಭೋಜರಾಜ.

"ತೀರಿಹೋದವರಿಗೆ ನಮ್ಮಲ್ಲಿಯೂ ಕಟ್ಟುತ್ತಾರೆ. ಆದ್ರೆ ಅವನು ಇವರನ್ನು ಬದುಕ್ತಾರೆ ಅಂತ ತಂದದ್ದಲ್ವಾ? ಅವನು ಯಾಕೆ ಕಟ್ಟಬೇಕು?" ಖದೀಜಮ್ಮ ದನಿ ತಗ್ಗಿಸಿದಳು. "ಇಲ್ಲಿಗೆ ಬರುವಾಗ ಇವರಿಗೆ ಉಸಿರಿತ್ತು. ಅರ್ಧ ಗಂಟೆ ಇತ್ತು."

ಭೋಜರಾಜ ಮತ್ತೆ ಆ ಗಂಟನ್ನು ನೋಡಿದ. ಉಸಿರಿದ್ದವನನ್ನು ಹೆಣವೆಂದು ಬಗೆದು, ಬೂಟು ಕಳಚಿ, ಹೆಬ್ಬೆರಳು ಕಟ್ಟಿ, ಯಾರೋ ಎದ್ದು ಹೋಗಿದ್ದರು.

"ಅವ್ರ ಬೂಟ್ನಲ್ಲಿ ಎರಡು ಲೇಸೂ ಇದೆ, ನಾನು ನೋಡ್ದೆ. ಇದು ಬೇರೆ ಯಾರ್ದೋ," ಎಂದರು ಲಲಿತಮ್ಮ. ಅವರು ಅಳುತ್ತಿರಲಿಲ್ಲ. ಅದೇ ಭೋಜರಾಜನಿಗೆ ಹೆಚ್ಚು ದಿಗಿಲು ಹುಟ್ಟಿಸಿತು. "ಪೊಲೀಸ್ನೋರು ಬೈಕಲ್ಲಿ ಒಬ್ರೇ ಹೋಗ್ತಿದ್ರು, ಬಿದ್ರು, ಖಲಾಸ್ ಅಂತಾರೆ. ನಂಗೆ ಯಾರ್ಗೂ ಶಿಕ್ಷೆ ಆಗೋದು ಬೇಕಿಲ್ಲ. ಜೊತೇಲಿ ಯಾರಿದ್ರು, ನಮ್ಮೆಜಮಾನ್ರು ಕೊನೇಲಿ ಏನಾದ್ರೂ ಅಂದ್ರಾ, ಅಷ್ಟು ಗೊತ್ತಾದ್ರೆ ಸಾಕು. ಬೆಂಕಿ ಇಡೋಕ್ಮುಂಚೆ ಹೇಳಿ. ನೀವು ಪತ್ತೇದಾರ್ರು."

"ಅದು ನಾಟಕ ಲಲಿತಮ್ಮ. ಟಿ.ವಿ.ಯವರು ಬರೆದು ಕೊಟ್ಟದ್ದನ್ನು ನಾನು ಹೇಳಿದ್ದು, ಅಷ್ಟೇ."

"ಅವ್ರು ಹಂಗೆ ಅನ್ಕೊಂಡಿರ್ಲಿಲ್ಲ."

ಹದಿನಾರು ವರ್ಷದ ಆಶಿತಾ ಅಮ್ಮನ ಹಿಂದಿನಿಂದ ಮೆಲ್ಲಗೆ ಹೇಳಿದಳು: "ಹಿಸ್ ಜಾಕೆಟ್ ಈಸ್ ಮಿಸ್ಸಿಂಗ್ ಟೂ, ಅಂಕಲ್."

*

ಇಪ್ಪತ್ತು ವರ್ಷದ ಕೆಳಗೆ ಭೋಜರಾಜ ಬೆಂಗಳೂರಿನಲ್ಲಿ ಹದಿಮೂರು ಕಂತುಗಳ ಧಾರಾವಾಹಿಯೊಂದರಲ್ಲಿ ಪತ್ತೇದಾರ ವಿಶ್ವಂಭರನಾಗಿದ್ದ. ಕೋಟು, ಕಪ್ಪು ಕನ್ನಡಕ, ಒಂದು ಹುಬ್ಬು ಮೇಲೆತ್ತುವ ಚಾಳಿ. ಹದಿಮೂರು ಮುಗಿದದ್ದೇ ತಡ, ಊರು ಅವನನ್ನು ಮರೆತುಬಿಟ್ಟಿತು. ಮಸ್ಕತ್ತಿಗೆ ಬಂದು ರುಸೈಲಿನ ಕಾರ್ಖಾನೆಯ ಸ್ಟೋರಿನಲ್ಲಿ ಕೂತ ಮೇಲೆ ಅವನೂ ತನ್ನನ್ನು ಹೆಚ್ಚುಕಡಿಮೆ ಮರೆತಿದ್ದ.

ಮರೆಯದವನು ಕೆಂಪಣ್ಣ ಒಬ್ಬನೇ. ಅದೇ ಕಾರ್ಖಾನೆಯ ಮೆಂಟೆನೆನ್ಸ್ ಫೋರ್‌ಮನ್. ದಾರ್ಸೈಟಿನ ಕೃಷ್ಣ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಭುಜ ಮುಟ್ಟಿದ್ದ.

"ಸಾರ್, ನೀವು ವಿಶ್ವಂಭರ ಅಲ್ವಾ? ಒಂದು ಕಂತಲ್ಲಿ ಬೈಕ್ ಗ್ಯಾಂಗ್ ಇತ್ತು ನೋಡಿ, ಪೊಲೀಸ್ರಿಗೇ ಕ್ಯಾರೇ ಅನ್ನದ ಗ್ಯಾಂಗು. ಅದ್ರೊಳಗೇ ಒಬ್ಬನ್ನ ಮುಗ್ಸಿರ್ತಾರೆ. ನೀವು ಎಲ್ರನ್ನೂ ಒಂದು ಶೆಡ್ಡಲ್ಲಿ ಕೂರಿಸ್ಕೊಂಡು ಇನ್ನೇನು ಬೆರಳು ತೋರಿಸ್ಬೇಕು, ಮಂಡ್ಯದಲ್ಲಿ ಕರೆಂಟ್ ಹೋಯ್ತು ಸಾರ್. ಕೊಂದೋನು ಯಾರು?"

ಭೋಜರಾಜನಿಗೆ ನೆನಪಿರಲಿಲ್ಲ. ಹಾಗೆಂದರೆ ಕೆಂಪಣ್ಣ ನಂಬಲಿಲ್ಲ. "ಹೇಳ್ಬಾರ್ದು ಅಂತ ನಿಮ್ಗೆ ರೂಲ್ಸ್ ಇರ್ಬೇಕು," ಎಂದು ನಕ್ಕ. ಅಲ್ಲಿಂದ ಮುಂದೆ ಗೀಸರ್ ರಿಪೇರಿಗೆ ಬಂದಾಗಲೂ ಅದೇ ಪ್ರಶ್ನೆ, ಹಬ್ಬದ ದಿನವೂ ಅದೇ ಪ್ರಶ್ನೆ.

ಬೈಕಿನ ಹುಚ್ಚು ಹಿಡಿದದ್ದು ಆ ಕಂತಿನಿಂದಲೇ ಎಂದು ಅವನು ಹೇಳಿಕೊಳ್ಳುತ್ತಿದ್ದ. ಶುಕ್ರವಾರ ಬೆಳಗ್ಗೆ ಕನ್ನಡದವರ ಒಂದು ಗುಂಪು ದುಕ್ಮ್ ರಸ್ತೆಯಲ್ಲಿ ಬೈಕು ಓಡಿಸುತ್ತಿತ್ತು. ಬೆನ್ನ ಮೇಲೆ 'ಗಂಡುಗಲಿ' ಎಂದು ಕಸೂತಿ ಹಾಕಿಸಿದ ಜಾಕೆಟ್ಟು. ಪರವಾನಗಿ ಇಲ್ಲದೆ ಕ್ಲಬ್ಬು ಕಟ್ಟುವುದು ಈ ದೇಶದಲ್ಲಿ ಅಪರಾಧ, ಆ ಜಾಕೆಟ್ಟೇ ಅದಕ್ಕೆ ಸಾಕ್ಷಿ. "ನಾವೂ ಗ್ಯಾಂಗೇ ಸಾರ್," ಎಂದು ಕೆಂಪಣ್ಣ ಮಗುವಿನಂತೆ ಹಿಗ್ಗುತ್ತಿದ್ದ. ಎಣ್ಣೆಯ ಬೆಲೆ ಕುಸಿದು ಪ್ರತಿ ತಿಂಗಳೂ ಜನರನ್ನು ಕೆಲಸದಿಂದ ತೆಗೆದು ಊರಿನ ವಿಮಾನ ಹತ್ತಿಸತೊಡಗಿದ ಮೇಲೆ ಆ ಹಿಗ್ಗು ಯಾರಿಗೂ ಉಳಿಯಲಿಲ್ಲ. ಸಣ್ಣದೊಂದು ಪೊಲೀಸ್ ಕೇಸು ಸಿಕ್ಕರೂ ಸಾಕು ಎಂದು ಕಂಪನಿಗಳು ಕಾಯುತ್ತಿದ್ದವು.

*

ಸೋಹಾರಿನ ಸ್ಮಶಾನಕ್ಕೆ ಎರಡೂವರೆ ತಾಸಿನ ದಾರಿ. ಮುಂದೆ ಆಂಬುಲೆನ್ಸ್, ಹಿಂದೆ ಭೋಜರಾಜನ ಕಾರು, ಅದರಲ್ಲಿ ತಾಯಿ ಮಗಳು. ಊರಿನಲ್ಲಾಗಿದ್ದರೆ ಹೆಂಗಸರನ್ನು ಸ್ಮಶಾನಕ್ಕೆ ಬಿಡುತ್ತಿರಲಿಲ್ಲ. ಇಲ್ಲಿ ಕೊಳ್ಳಿ ಹಿಡಿಯುವವಳೇ ಆಶಿತಾ. ಕನ್ನಡಿಯಲ್ಲಿ ಬಿಳಿ ಲ್ಯಾಂಡ್ ಕ್ರೂಸರ್ ಒಂದು ಮಸ್ಕತ್ತಿನಿಂದಲೂ ಬೆನ್ನು ಬಿಡದೆ ಬರುತ್ತಿತ್ತು. ಅದು ಬಸವಪ್ರಭುವಿನದು. ಕಾರ್ಖಾನೆಯ ಪರ್ಸೊನೆಲ್ ಮ್ಯಾನೇಜರ್, ಗಂಡುಗಲಿಗಳ ಮುಂದಾಳು. ಭೋಜರಾಜ ವೇಗ ಹೆಚ್ಚಿಸಿದರೆ ಅದೂ ಹೆಚ್ಚಿಸುತ್ತಿತ್ತು, ಇಳಿಸಿದರೆ ಇಳಿಸುತ್ತಿತ್ತು.

ಬರ್ಕಾ ದಾಟಿದ ಮೇಲೆ ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ನಿಂತರು. ಚಹಾದ ಅಂಗಡಿಯ ಮುಂದೆ ಬಸವಪ್ರಭು ಎರಡು ಕಾಗದದ ಲೋಟ ಹಿಡಿದು ಬಂದು ಒಂದನ್ನು ಭೋಜರಾಜನಿಗೆ ಕೊಟ್ಟ.

"ಅಕ್ಕಾರು ಏನೋ ಹೇಳಾಕತ್ತಿದ್ರಲ್ರಿ, ಶವಾಗಾರದ ಮುಂದ?"

"ಎಂತದೂ ಇಲ್ಲ ಸರ್. ದುಃಖದಲ್ಲಿ ಏನೇನೋ ಹೇಳ್ತಾರೆ."

"ಹೌದ್ಹೌದು. ಆವತ್ತು ಕೆಂಪಣ್ಣ ಒಬ್ಬಾಂವನ ಹೋಗಿದ್ದ. ನಾವ್ಯಾರೂ ರೈಡಿಗೆ ಹೋಗಿರಲಿಲ್ಲ." ಬಸವಪ್ರಭು ಚಹಾ ಊದಿ ಗುಟುಕರಿಸಿದ. "ನಿಮ್ಮ ವೀಸಾ ರಿನ್ಯೂವಲ್ ನನ್ನ ಟೇಬಲ್ ಮ್ಯಾಲೇ ಐತಿ. ಮಕ್ಕಳು ಇಲ್ಲೇ ಸಾಲಿಗೆ ಹೋಗ್ತಾವಲ್ಲ ನಿಮ್ಮವು? ವರ್ಷದ ನಡುವ ಸಾಲಿ ಬಿಡಸೂದು ಭಾಳ ತ್ರಾಸ ನೋಡ್ರಿ."

ಅಷ್ಟು ಹೇಳಿ ಭೋಜರಾಜನ ಬೆನ್ನು ತಟ್ಟಿ ಹೋದ. ಲೋಟದಲ್ಲಿ ಚಹಾ ತುಳುಕಿತು.

ಲ್ಯಾಂಡ್ ಕ್ರೂಸರಿನ ಹಿಂಬದಿಯಲ್ಲಿ ಶಂಕ್ರೆಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ವಿಜಯಪುರ ಕಡೆಯ ವೆಲ್ಡರ್, ಗಂಡುಗಲಿಗಳಲ್ಲಿ ಎಲ್ಲರಿಗಿಂತ ಹಿರಿಯ. ಮಸ್ಕತ್ತಿನ ಕನ್ನಡದವರಲ್ಲಿ ಯಾರು ತೀರಿಕೊಂಡರೂ ಮೊದಲು ಕರೆಯುವುದು ಅವನನ್ನೇ. ಕಣ್ಣು ಮುಚ್ಚಿಸುವುದು, ಗದ್ದಕ್ಕೆ ಬಟ್ಟೆ ಕಟ್ಟುವುದು, ಹೆಬ್ಬೆರಳು ಸೇರಿಸಿ ಕಟ್ಟುವುದು, ಎಲ್ಲ ಅವನದೇ ಕೈ. ಇವತ್ತು ಬೆಳಗಿನಿಂದ ಅವನು ಹೆಣದ ಹತ್ತಿರ ಸುಳಿದಿರಲಿಲ್ಲ.

"ಚಾ ಕುಡೀರಿ ಶಂಕ್ರೆಪ್ಪ," ಎಂದು ಭೋಜರಾಜ ತನ್ನ ಲೋಟ ಚಾಚಿದ.

"ಬ್ಯಾಡ್ರೀ. ಒಳಗ ಇಳಿಯಂಗಿಲ್ಲ."

ಭೋಜರಾಜನ ಕಣ್ಣು ಅವನ ಕಾಲಿಗೆ ಹೋಯಿತು. ಕಂಪನಿ ಕೊಟ್ಟ ಸೇಫ್ಟಿ ಬೂಟು. ಕೆಲಸಕ್ಕೂ ಅದೇ, ಶುಕ್ರವಾರದ ಸವಾರಿಗೂ ಅದೇ. ಬಲಗಾಲಿಗೆ ಕಪ್ಪು ಲೇಸು. ಎಡಗಾಲಿಗೆ ಗೋಣಿ ಹೊಲಿಯುವ ಹುರಿ.

ಶಂಕ್ರೆಪ್ಪ ಎಡಗಾಲನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡ.

ಕಾರು ಹೊರಟು ಸ್ವಲ್ಪ ದೂರ ಹೋದ ಮೇಲೆ ಲಲಿತಮ್ಮ ಕೇಳಿದರು: "ಏನಾದ್ರೂ ಗೊತ್ತಾಯ್ತಾ?"

ವಿಶ್ವಂಭರನಾಗಿದ್ದರೆ ಹುಬ್ಬು ಮೇಲೆತ್ತುತ್ತಿದ್ದ. ಭೋಜರಾಜ ಕನ್ನಡಿ ನೋಡಿದ. ಬಿಳಿ ಕಾರು ಅಲ್ಲೇ ಇತ್ತು.

"ಪಠಾಣನೇ ಕಟ್ಟಿರ್ಬೇಕು ಲಲಿತಮ್ಮ. ಸತ್ತಿದ್ದಾರೆ ಅಂತ ಮೊದಲು ಕಟ್ಟಿ, ಮತ್ತೆ ಉಸಿರು ನೋಡಿ ಆಸ್ಪತ್ರೆಗೆ ತಂದಿರ್ಬೇಕು."

"ಲಾರಿಯೋರು ಚಪ್ಲಿ ಹಾಕ್ತಾರೆ. ಲೇಸ್ ಎಲ್ಲಿಂದ ಬಂತು?" ಎಂದರು ಲಲಿತಮ್ಮ.

*

ಒಮ್ಮೆ ನಿಜ್ವಾ ದಾರಿಯಲ್ಲಿ ಭೋಜರಾಜನ ಕಾರಿನ ಟೈರು ಒಡೆದಿತ್ತು. ಸ್ಟೆಪ್ನಿಯೂ ಹೋಗಿತ್ತು. ಗಂಡುಗಲಿಗಳ ಬೈಕುಗಳು ಒಂದರ ಹಿಂದೊಂದು ಅವನನ್ನು ದಾಟಿ ಹೋದವು. ಕೊನೆಯದು ನಿಂತಿತು. ಗುಂಪಿನಲ್ಲಿ ಕಟ್ಟಕಡೆಗೆ ಬರುವವನು ಯಾವಾಗಲೂ ಕೆಂಪಣ್ಣ. ಯಾರ ಬೈಕು ಕೆಟ್ಟರೂ, ಯಾರಿಗೆ ಸುಸ್ತಾದರೂ ಅವರ ಜೊತೆ ನಿಲ್ಲುವುದು ಅವನ ಪಾಲಿನ ಕೆಲಸ. ಪಂಕ್ಚರಿನ ಸಾಮಾನು, ನೀರು, ಲಲಿತಮ್ಮ ಕಟ್ಟಿಕೊಟ್ಟ ಚಿತ್ರಾನ್ನ, ಎಲ್ಲ ಅವನ ಡಬ್ಬಿಯಲ್ಲಿ.

ರಿಕವರಿ ಗಾಡಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ನೀವು ಹೋಗಿ ಎಂದರೂ ಅವನು ಕದಲಲಿಲ್ಲ.

"ಹಿಂದ್ಗಡೆ ಬರೋನ ಕೆಲ್ಸ ಏನ್ ಸಾರ್, ಕಾಯೋದಷ್ಟೇ. ಈಗಲಾದ್ರೂ ಹೇಳಿ, ಆ ಶೆಡ್ಡಲ್ಲಿ ಯಾರ್ ಕಡೆ ಬೆರಳು ತೋರಿಸಿದ್ರಿ?"

ತನ್ನ ಹಿಂದೆ ಯಾರೂ ಇರುವುದಿಲ್ಲ ಎಂಬುದು ಅವನಿಗೆ ಎಂದೂ ತೋಚಿದಂತಿರಲಿಲ್ಲ.

*

ಚಿತೆಯ ಸೌದೆ ಒಟ್ಟಿ ಆಗಿತ್ತು. ಗೋಡೆಯಾಚೆ ಸಮುದ್ರದ ಗಾಳಿ ಮರಳು ತಂದು ಎಲ್ಲರ ಮುಖಕ್ಕೆ ಎರಚುತ್ತಿತ್ತು. ಕೆಂಪಣ್ಣನನ್ನು ಚಟ್ಟದ ಮೇಲೆ ಮಲಗಿಸಿ, ಮುಖ ಕಾಣುವಂತೆ ಬಟ್ಟೆ ಸರಿಸಿದರು. ದೇವಸ್ಥಾನದಿಂದ ಬಂದಿದ್ದ ಪುರೋಹಿತರು ಕಾಲಿನ ಕಡೆ ನೋಡಿ, "ಹೆಬ್ಬೆರಳೇ ಕಟ್ಟಿಲ್ಲವಲ್ಲ. ಯಾರಾದರೂ ಕಟ್ಟಿ," ಎಂದರು.

ಅಭ್ಯಾಸಬಲ. ಎಲ್ಲರ ತಲೆಯೂ ಶಂಕ್ರೆಪ್ಪನ ಕಡೆ ತಿರುಗಿತು.

ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟ. ಬಸವಪ್ರಭು ಹಲ್ಲು ಕಚ್ಚಿ, "ಹೋಗು, ಲಗೂ ಕಟ್ಟಿ ಬಾ," ಎಂದ. ಶಂಕ್ರೆಪ್ಪ ಹೊರಟ. ಆದರೆ ಕಾಲಿನ ಕಡೆ ಹೋಗಲಿಲ್ಲ. ತಲೆಯ ಬಳಿ ಮಂಡಿಯೂರಿ, ಕೆಂಪಣ್ಣನ ಮೂಗಿಗೆ ತುರುಕಿದ್ದ ಹತ್ತಿಯನ್ನು ಹಗುರವಾಗಿ ಹೊರಗೆಳೆದ. ಬೆರಳ ಹಿಂಬದಿಯನ್ನು ಮೂಗಿನ ಕೆಳಗೆ ಹಿಡಿದು ಕೂತ.

"ಶಂಕ್ರೆಪ್ಪ, ಕಾಲು ಆ ಕಡೆ," ಎಂದರು ಪುರೋಹಿತರು.

ಅವನು ಅಲುಗಲಿಲ್ಲ. ಗಾಳಿ ಬಂದಾಗ ಇನ್ನೊಂದು ಕೈಯನ್ನು ಅಡ್ಡ ಹಿಡಿದ, ಗಾಳಿಯನ್ನೇ ಉಸಿರೆಂದು ತಪ್ಪು ತಿಳಿದೇನೋ ಎಂಬಂತೆ.

"ಏಳೋ ಶಂಕ್ರೆಪ್ಪ. ಮಂದಿ ನೋಡಾಕತ್ತಾರ." ಬಸವಪ್ರಭುವಿನ ದನಿ ಒಡೆದಿತ್ತು.

"ತಡೀರಿ ಸಾಹೇಬ್ರ," ಎಂದ ಶಂಕ್ರೆಪ್ಪ, ತಲೆ ಎತ್ತದೆ. "ಆವತ್ತೂ ಹಿಂಗ ಅವಸರ ಮಾಡಿದ್ರಿ. ಜಾಕೆಟ್ ಬಿಚ್ಚೂಮುಂದ ನರಳಿದಂಗಾತು ಅಂದೆ. ಇಲ್ಲ, ಹೋಗ್ಯಾನ, ನಡಿ, ಪೊಲೀಸ್ರು ಬರತಾರ ಅಂದ್ರಿ."

ಗಂಡುಗಲಿಗಳಲ್ಲಿ ಇಬ್ಬರು ಕಾರುಗಳ ಕಡೆ ಸರಿಯತೊಡಗಿದರು. ಲಲಿತಮ್ಮ ಶಂಕ್ರೆಪ್ಪನನ್ನು ನೋಡಿದರು, ಬಸವಪ್ರಭುವನ್ನು ನೋಡಿದರು. ಆಮೇಲೆ ಭೋಜರಾಜನ ಕಡೆ ಕೈ ಚಾಚಿದರು.

"ಕೊಡಿ."

ಲೇಸು ಅವನ ಜೇಬಿನಲ್ಲಿತ್ತು. ಬಸವಪ್ರಭು ಎಲ್ಲರನ್ನೂ ಬಿಟ್ಟು ಅವನೊಬ್ಬನನ್ನೇ ದಿಟ್ಟಿಸುತ್ತಿದ್ದ. ಏನು ಕೊಡಲಿ ಎಂದು ಭೋಜರಾಜ ಕೇಳಿದ್ದರೆ ಸಾಕಿತ್ತು, ಇನ್ನೂ ತಪ್ಪಿಸಿಕೊಳ್ಳಬಹುದಿತ್ತು. ಭೋಜರಾಜನಿಗೆ ಮಕ್ಕಳ ಯೂನಿಫಾರ್ಮು ಕಣ್ಣ ಮುಂದೆ ಬಂತು. ಕೈ ಮಾತ್ರ ಜೇಬಿಗೆ ಹೋಗಿ, ಆ ಕಪ್ಪು ಲೇಸನ್ನು ತೆಗೆದು, ಎಲ್ಲರಿಗೂ ಕಾಣುವಂತೆ ಲಲಿತಮ್ಮನ ಅಂಗೈಯಲ್ಲಿಟ್ಟಿತು.

ಲಲಿತಮ್ಮ ಹೋಗಿ ಅದನ್ನು ಶಂಕ್ರೆಪ್ಪನ ಮಂಡಿಯ ಪಕ್ಕ ಇಟ್ಟರು.

"ಇದ್ರಲ್ಲೇ ಕಟ್ಟಿ ಶಂಕ್ರೆಪ್ಪನೋರೆ. ಅವಸರ ಇಲ್ಲ. ಸರಿಯಾಗಿ ನೋಡಿ, ಆಮೇಲೆ ಕಟ್ಟಿ."

ಗಂಟು ಬಿಚ್ಚದ ಲೇಸು ಮರಳಿನ ಮೇಲೆ ಬಿದ್ದಿತ್ತು. ಆಶಿತಾಳ ಕೈಯ ಕೊಳ್ಳಿ ಗಾಳಿಗೆ ಉರಿಯುತ್ತ ಗಿಡ್ಡವಾಗುತ್ತಿತ್ತು. ಪುರೋಹಿತರು ಮಂತ್ರ ನಿಲ್ಲಿಸಿದ್ದರು. ಶಂಕ್ರೆಪ್ಪನ ಬೆರಳು ಇನ್ನೂ ಕೆಂಪಣ್ಣನ ಮೂಗಿನ ಕೆಳಗೇ ಇತ್ತು.